ಮೂಗುತಿ ಇಲ್ಲದ ಬೇಸಿಗೆ

ಮೊನ್ನೆ ದಾಂಡೇಲಿಯಲ್ಲಿ ಮೊಮ್ಮಗಳ ಮನೆಗೆ ಹೋಗಿದ್ದೆ. ಅವಳಿಗೆ ಸೈನಸ್ಸಿನ ತೊಂದರೆ. ಮರುದಿನ ಹುಬ್ಬಳ್ಳಿಯಲ್ಲಿ ಆಪರೇಷನ್ ಇತ್ತು. "ಸಂಜೀಕ ವಾಪಸ್ ಬರ್ತೇನಿ ಅಜ್ಜಿ, ಅಷ್ಟಕ್ಕ ಯಾಕ ಮಾರಿ ಸಣ್ಣದು ಮಾಡ್ಕೊಂಡಿ" ಎಂದಳು. ಹಾಗೆನ್ನುತ್ತಲೇ ಕನ್ನಡಿ ಕೂಡ ನೋಡದೆ ಮೂಗಿನ ಹರಳನ್ನು ತಿರುವಿ ತೆಗೆದು, ಪರ್ಸಿನಲ್ಲಿ ಚಿಲ್ಲರೆಯ ನಡುವೆ ಹಾಕಿಬಿಟ್ಟಳು. ಅವಳ ಗಂಡ ಪಕ್ಕದಲ್ಲೇ ಚಹಾ ಕುಡಿಯುತ್ತ ಕೂತಿದ್ದ. ಅವನಿಗೆ ಏನೂ ಆಗಲಿಲ್ಲ. ಚಹಾ ಮುಗಿಸಿ ಇನ್ನೊಂದು ಬಿಸ್ಕೀಟು ತೆಗೆದುಕೊಂಡ.

ನನ್ನ ಕೈ ಮಾತ್ರ ನನಗೇ ತಿಳಿಯದಂತೆ ನನ್ನ ಎಡ ಮೂಗಿನ ಮೇಲೆ ಹೋಗಿತ್ತು. ಅಲ್ಲೊಂದು ಸಣ್ಣ ಗುಳಿ ಇದೆ. ಒಂದು ಕಾಲಕ್ಕೆ ತೂತು ಇದ್ದ ಜಾಗ. ಒಳಗೆ ಒಲೆಯ ಮೇಲೆ ಅವಳ ಉಗಿಗೆಂದು ನೀಲಗಿರಿ ಎಣ್ಣೆ ಹಾಕಿದ ನೀರು ಕುದಿಯುತ್ತಿತ್ತು. ಆ ಉಗಿ ಏಳುವುದನ್ನು ನೋಡಿದೆ, ಎರಡನೇ ಮಹಾಯುದ್ಧದ ಕಾಲದ ಆ ಬೇಸಿಗೆಯ ಹೆದರಿಕೆಯೆಲ್ಲ ಎದೆಯಲ್ಲಿ ಮತ್ತೆ ಬಂದು ಕೂತಿತು. ಆ ಹುಡುಗಿಗೆ ಇದನ್ನೆಲ್ಲ ಆಗ ಹೇಳಲಿಲ್ಲ. ಆಪರೇಷನ್ನಿಗೆ ಹೊರಟವಳನ್ನು ಕೂಡಿಸಿ ಹೇಳುವ ಮಾತಲ್ಲ ಅದು.

ಆಗ ನಮ್ಮ ಮನೆ ಹಳಿಯಾಳದ ಅಂಚಿನಲ್ಲಿತ್ತು. ಮನೆಯಲ್ಲಿ ಇದ್ದವರು ನಾನು, ನನ್ನ ಅತ್ತೆ ಗಂಗವ್ವ, ಮತ್ತು ನಮ್ಮವರು. ನಮ್ಮವರ ಹೆಸರನ್ನು ನಾನು ಬಾಯಿಂದ ಹೇಳಿದವಳಲ್ಲ, ಈಗ ಬರೆಯುವುದಕ್ಕೂ ಕೈ ಬರುತ್ತಿಲ್ಲ. ಅತ್ತೆ ಅವರನ್ನು ಬಸ್ಯಾ ಎಂದು ಕರೆಯುತ್ತಿದ್ದಳು, ಅಷ್ಟು ತಿಳಿದರೆ ಸಾಕು. ಮಳೆಗಾಲದಲ್ಲಿ ಅವರು ಭತ್ತ ಬೆಳೆಯುತ್ತಿದ್ದರು. ಬೇಸಿಗೆಯಲ್ಲಿ ಚಕ್ಕಡಿ ಕಟ್ಟಿಕೊಂಡು ಕಾಡಿಗೆ ಹೋಗಿ, ಸಾಗವಾನಿಯ ದಿಮ್ಮಿಗಳನ್ನು ದಾಂಡೇಲಿಗೆ ಸಾಗಿಸುತ್ತಿದ್ದರು. ಚಕ್ಕಡಿಯ ಗಾಲಿಗೆ ಹಾಕುವ ಕೀಲೆಣ್ಣೆ ಅವರ ಅಂಗಿ, ಧೋತರ, ಉಗುರಿನ ಸಂದಿಯಲ್ಲೆಲ್ಲ ಮೆತ್ತಿರುತ್ತಿತ್ತು. ಸುಟ್ಟ ಹರಳೆಣ್ಣೆ, ಮಸಿ, ಎತ್ತಿನ ಬೆವರು ಕೂಡಿದ ಒಂದು ಕಮಟು ನಾತ. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಹತ್ತಿರ ಬಂದರೆ ನನಗೆ ವಾಕರಿಕೆ ಬರುತ್ತಿತ್ತು. ಮುಖ ತಿರುಗಿಸುತ್ತಿದ್ದೆ. ಪಾಪ, ಅವರು ಸೀಗೆಪುಡಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದುಕೊಂಡು ಬರುತ್ತಿದ್ದರು. ಹೋಗುತ್ತಿರಲಿಲ್ಲ.

ಆಮೇಲೆ ನನಗೆ ಪೀನಸ ಹತ್ತಿತು. ಮೊದಮೊದಲು ಬರೀ ನೆಗಡಿ ಎಂದುಕೊಂಡೆವು. ನೆಗಡಿ ಹೋಗಲೇ ಇಲ್ಲ. ಎಡಗಡೆಯ ಮೂಗು ಸದಾ ಕಟ್ಟಿರುತ್ತಿತ್ತು. ಬಗ್ಗಿ ಕಸ ಹೊಡೆದರೆ ಹುಬ್ಬಿನಿಂದ ಹಲ್ಲಿನವರೆಗೆ ಯಾರೋ ಸೂಜಿ ಆಡಿಸಿದ ಹಾಗೆ ನೋವು. ಅತ್ತೆ ಬಜೆ ಸುಟ್ಟು ಹಣೆಗೆ ಹಚ್ಚಿದಳು, ತುಂಬೆಯ ರಸ ಹಿಂಡಿದಳು, ಅರಿಶಿಣದ ಕೊಂಬು ಸುಟ್ಟು ಅದರ ಹೊಗೆ ಎಳೆಸಿದಳು. ಕೆಮ್ಮಿ ಕೆಮ್ಮಿ ನಾನು ಸಾಯುವುದೊಂದು ಬಾಕಿ. ಕಡೆಗೆ ವಾಸನೆಯೇ ಹೋಯಿತು. ಹಾಲು ಉಕ್ಕಿ ಒಲೆಯಲ್ಲಿ ಸುಟ್ಟರೂ ತಿಳಿಯದು, ಹಳಸಿದ ಸಾರನ್ನು ಬಿಸಿ ಮಾಡಿ ಬಡಿಸಿದ್ದೂ ಉಂಟು. "ದೇವರು ಮಾರಿ ನಡುವ ಅದನ್ಯಾಕ ಇಟ್ಟಾನವಾ ನಿನಗ, ಚಂದಕ್ಕೇನ?" ಎಂದು ಅತ್ತೆ ಬೈಯುತ್ತಿದ್ದಳು. ನಿಜ ಹೇಳುವುದಾದರೆ ಕೀಲೆಣ್ಣೆಯ ನಾತ ತಪ್ಪಿತಲ್ಲ ಎಂದು ನನಗೆ ಒಳಗೊಳಗೆ ಸಮಾಧಾನವೇ ಆಗಿತ್ತು.

ಆ ವರ್ಷ ಯುದ್ಧಕ್ಕೆಂದು ಕಟ್ಟಿಗೆಗೆ ಬಹಳ ಬೇಡಿಕೆ. ಉಗಾದಿ ಮುಗಿಯುತ್ತಲೇ ನಮ್ಮವರು ಚಕ್ಕಡಿ ಹೂಡಿಕೊಂಡು ಕಾಳಿ ನದಿಯಾಚೆ, ಜೋಯಿಡಾ ಕಡೆಯ ದಟ್ಟ ಕಾಡಿಗೆ ಹೊರಟರು. ಅಲ್ಲಿ ಚಳಿಜ್ವರ ಹತ್ತಿದರೆ ಮನುಷ್ಯ ಉಳಿಯುವುದು ಕಷ್ಟ ಎಂದು ಎಲ್ಲರಿಗೂ ಗೊತ್ತಿತ್ತು. ಕ್ವಿನೈನ್ ಗುಳಿಗೆಗಳೆಲ್ಲ ಮಿಲಿಟರಿಯವರಿಗೆ ಹೋಗುತ್ತಿದ್ದವು. ಬಾಗಿಲಲ್ಲಿ ನಾನು ಕಣ್ಣು ತುಂಬಿಕೊಂಡು ನಿಂತಿದ್ದರೆ ಅವರಿಗೆ ನಗು.

"ಮಿರಗ ಕೂಡೂದ್ರಾಗ ಬರ್ತೇನಿ. ಅಷ್ಟರಾಗ ನಿನ್ನ ಮೂಗು ಸುದ್ದ ಮಾಡ್ಕೊ. ನಿನ್ನ ಗೊರಕಿಗೆ ಎತ್ತು ಹಗ್ಗ ಹರ್ಕೋತಾವು" ಎಂದು ಹೋದರು. ಮಿರಗವೆಂದರೆ ಮೃಗಶಿರ ಮಳೆ. ಅದು ಕೂಡಿತೆಂದರೆ ಕಾಡಿನ ದಾರಿ ಕೆಸರಾಗಿ ಚಕ್ಕಡಿಗಳು ಊರಿಗೆ ತಿರುಗಲೇಬೇಕು.

ಅವರು ಹೋದ ಮೇಲೆ ಒಂದು ಬೆಳಿಗ್ಗೆ ನನ್ನ ಎಡಗಣ್ಣು ತೆರೆಯಲಿಲ್ಲ. ಕಣ್ಣಿನ ಕೆಳಗೆ ಕೆಂಪಾಗಿ ಊದಿಕೊಂಡಿತ್ತು. ಹಳಿಯಾಳದ ಡಾಕ್ಟರು ಗಲ್ಲವನ್ನು ಒತ್ತಿ ನೋಡಿ, ಎಲುಬಿನ ಗೂಡಿನಲ್ಲಿ ಕೀವು ತುಂಬಿದೆ, ಬೆಳಗಾವಿಗೆ ಹೋಗಿ ತೆಗೆಸಿ, ತಡ ಮಾಡಿದರೆ ಕಣ್ಣಿಗೆ ಇಳಿಯುತ್ತದೆ ಎಂದರು. ಕಾಡಿನಲ್ಲಿದ್ದ ಮಗನಿಗೆ ಹೇಳಿ ಕಳಿಸುವ ದಾರಿ ಇರಲಿಲ್ಲ. ಅತ್ತೆ ಯಾರನ್ನೂ ಕೇಳಲಿಲ್ಲ. ಬುತ್ತಿ ಕಟ್ಟಿದಳು, ಪಕ್ಕದ ಮನೆಯ ಚಕ್ಕಡಿಯಲ್ಲಿ ಅಳ್ನಾವರದವರೆಗೆ ಕರೆದೊಯ್ದಳು, ಅಲ್ಲಿಂದ ರೈಲು ಹತ್ತಿಸಿದಳು. ಅದಕ್ಕೂ ಮೊದಲು ಅವಳು ರೈಲು ಹತ್ತಿದವಳೇ ಅಲ್ಲ. ದಾರಿಯುದ್ದಕ್ಕೂ ಕಿಟಕಿಯ ಸರಳನ್ನು ಹಿಡಿದೇ ಕೂತಿದ್ದಳು.

ಆಸ್ಪತ್ರೆಯ ಡಾಕ್ಟರು ಮರಾಠಿ ಮಾತಿನವರು, ಕನ್ನಡವನ್ನೂ ಆಡುತ್ತಿದ್ದರು. ಕನ್ನಡಿ ಹಣೆಗೆ ಕಟ್ಟಿಕೊಂಡು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. ನಾಳೆಯೇ ಆಪರೇಷನ್ ಎಂದರು. ಹೋಗುವ ಮುಂಚೆ ಅತ್ತೆಯ ಕಡೆ ತಿರುಗಿ, "ಆಜಿಬಾಯಿ, ಈ ಮೂಗುತಿ ತಗದು ಇಟ್ಕೋರಿ" ಎಂದರು.

ಅತ್ತೆ ಕೇಳದವಳ ಹಾಗೆ ನಿಂತಳು. ಡಾಕ್ಟರು ಮತ್ತೊಮ್ಮೆ ಹೇಳಿದರು.

"ಆಕಿ ಗಂಡ ಅದಾನ್ರಿ" ಎಂದಳು ಅತ್ತೆ.

"ಇರಲಿ, ನೂರ ವರ್ಷ ಇರಲಿ. ಮೂಗುತಿ ಇದ್ದರ ನಾ ಹತ್ಯಾರ ಹೆಂಗ ಹಾಕಲಿ?"

"ಅಂವ ಕಾಡಿನಾಗ ಅದಾನ್ರಿ ಸಾಹೇಬ್ರ. ಜ್ವರದ ಸೀಮಿ."

ಡಾಕ್ಟರು ನಿಟ್ಟುಸಿರು ಬಿಟ್ಟು, "ಮೂಗುತಿ ಬೇಕೋ ಕಣ್ಣು ಬೇಕೋ, ನೀವ ವಿಚಾರ ಮಾಡ್ರಿ" ಎಂದು ಮುಂದಿನ ಮಂಚಕ್ಕೆ ಹೋದರು.

ಈ ಕಾಲದವರಿಗೆ ಇದು ಹೇಗೆ ಅರ್ಥವಾದೀತೋ ಗೊತ್ತಿಲ್ಲ. ನಮ್ಮ ಕಡೆ ಗಂಡ ಬದುಕಿರುವ ಹೆಂಗಸಿನ ಮೂಗಿನಿಂದ ಮೂಗುತಿ ಇಳಿಯುತ್ತಿರಲಿಲ್ಲ. ಅದು ಇಳಿಯುವುದು ಒಂದೇ ಸಲ, ಹೆಣ ಅಂಗಳದಲ್ಲಿರುವಾಗ. ಅತ್ತೆಯ ಮೂಗಿನದು ಇಳಿದಾಗ ನಮ್ಮವರು ಇನ್ನೂ ಅಂಬೆಗಾಲಿನ ಕೂಸು. ಆ ರಾತ್ರಿ ವಾರ್ಡಿನಲ್ಲಿ ಅವಳು ನನಗೆ ಮೊದಲ ಸಲ ಅದನ್ನು ಹೇಳಿದಳು. "ನಾ ಗಟ್ಟಿ ಮೂಗು ಮುಚ್ಕೊಂಡಿದ್ನಿ. ಮೂರು ಮಂದಿ ಕೂಡಿ ನನ್ನ ಕೈ ಬಿಡಿಸಿದ್ರು. ನಿಂದು ನಾ ಹೆಂಗ ತಗೀಲಿ? ಈ ಕೈಲೆ?" ಎಂದು ತನ್ನ ಬರಿಯ ಕೈಗಳನ್ನು ಚಾಚಿ ತೋರಿಸಿದಳು. ನನಗೂ ಅದೇ ಚಿಂತೆ. ಇವರು ಕಾಡಿನಲ್ಲಿ ಜ್ವರ ಬಂದು ಮಲಗಿದ್ದರೆ? ನಾನಿಲ್ಲಿ ಮೂಗುತಿ ತೆಗೆಯುವ ಹೊತ್ತಿಗೆ ಅಲ್ಲಿ ಏನಾದರೂ ಆದರೆ? ಕಣ್ಣೊಂದು ಹೋದರೆ ಹೋಗಲಿ ಎನ್ನುವವರೆಗೂ ಬಂದಿದ್ದೆ.

ಪಕ್ಕದ ಮಂಚದಲ್ಲಿ ದಾಂಡೇಲಿಯ ಜೈತುನಬಿ ಎಂಬಾಕೆ ಇದ್ದಳು. ಕಿವಿಯ ಹಿಂದೆ ಕೊಯ್ಯಿಸಿಕೊಂಡು ತಲೆಗೆ ಪಟ್ಟಿ ಕಟ್ಟಿಸಿಕೊಂಡಿದ್ದಳು. ಗಂಡ ಕಟ್ಟಿಗೆ ಕೊಯ್ಯುವ ಕಾರಖಾನೆಯಲ್ಲಿ ಮಿಸ್ತ್ರಿ. ಬೆಳಿಗ್ಗೆ ಅವಳೇ ಎದ್ದು ಬಂದು ನನ್ನ ಮಂಚದ ಮೇಲೆ ಕೂತಳು.

"ನಮ್ಮಾಗೂ ಹಂಗ ತಗಿಯೂದಿಲ್ಲ ಅಮ್ಮಾ. ನಾನೂ ಕೇಳಿದೆ ರಾತ್ರಿ. ನನ್ನ ಗಂಡ ಅದಾನ, ಗಟ್ಟಿ ಅದಾನ, ದಿನಾ ಬೈತಾನ ನನಗ. ನನ್ನ ಕೈಲೆ ತಗಿಲ್ಯಾ?"

ಮಡಿ ಹುಡಿ ಎಂದು ನೀರಿನ ಕೊಡ ಮುಟ್ಟಗೊಡದ ನಮ್ಮತ್ತೆ, "ತಗಿಯವಾ. ಗಂಡ ಇದ್ದಾಕಿ ಕೈ, ಒಳ್ಳೇದ ಆಗ್ತೈತಿ" ಎಂದಳು. ತಿರುಪು ಜಡ್ಡುಗಟ್ಟಿತ್ತು. ಜೈತುನಬಿ ಕೊಬ್ಬರಿ ಎಣ್ಣೆ ಸವರಿ, ಮೆಲ್ಲಗೆ ತಿರುವಿ, ಬಿಸ್ಮಿಲ್ಲಾ ಎಂದು ತೆಗೆದಳು. ಅತ್ತೆ ಅದನ್ನು ಕೈಯಲ್ಲಿ ಮುಟ್ಟಲಿಲ್ಲ, ಸೆರಗೊಡ್ಡಿ ಹಿಡಿದಳು. ತನ್ನ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ತೆರೆದು, ಲಿಂಗದ ಪಕ್ಕದಲ್ಲಿ ಮೂಗುತಿಯನ್ನು ಇಟ್ಟು ಮುಚ್ಚಿದಳು. "ಬಸ್ಯಾ ಬರೂತನಾ ಶಿವನ ಹಂತ್ಯಾಕ ಇರಲಿ" ಎಂದಳು.

ಎಚ್ಚರವಿದ್ದಂತೆಯೇ ಆಪರೇಷನ್ ಮಾಡಿದರು. ಔಷಧದಲ್ಲಿ ಅದ್ದಿದ ಹತ್ತಿ ತುರುಕಿ ಮೂಗು ಜೋಮು ಹಿಡಿಸಿದ್ದರು. ನೋವು ಅಷ್ಟಾಗಿ ತಿಳಿಯಲಿಲ್ಲ, ಸಪ್ಪಳ ತಿಳಿಯಿತು. ಬಡಗಿ ಉಳಿ ಹೊಡೆಯುವ ಸಪ್ಪಳ, ನನ್ನದೇ ಗಲ್ಲದ ಒಳಗೆ. ಹೊಲಸು ನೀರು ಗಂಟಲಿಗೆ ಇಳಿಯಿತು. ನಾನು ಶಿವನಾಮ ಹೇಳಲು ಹೊರಟು, ಶಿವನ ಹೆಸರಿಗೆ ಬದಲು ನಮ್ಮವರ ಹೆಸರನ್ನೇ ಮನಸ್ಸಿನಲ್ಲಿ ಹೇಳುತ್ತಿದ್ದೆ. ಗಂಡನ ಹೆಸರು ಹೇಳಬಾರದೆಂಬುದೂ ನೆನಪಾಗಲಿಲ್ಲ. ಕೊನೆಗೆ ಮೊಳಗಟ್ಟಲೆ ಉದ್ದದ ಅರಿವೆಯ ಪಟ್ಟಿಯನ್ನು ಮೂಗಿನೊಳಗೆ ಮಡಿಕೆ ಮಡಿಕೆಯಾಗಿ ತುಂಬಿ, ಮೇಲೆ ಅಡ್ಡ ಪ್ಲಾಸ್ಟರು ಹಚ್ಚಿ ಕಳಿಸಿದರು.

ಆಮೇಲಿನ ದಿನಗಳು ಬಾಯಿಂದ ಉಸಿರಾಡುವ ದಿನಗಳು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ನುಂಗಿದರೆ ಕಿವಿ ಗುಂಯ್ ಎನ್ನುತ್ತಿತ್ತು. ಕಣ್ಣು ಮುಚ್ಚಿದರೆ ಉಸಿರು ನಿಂತೀತೆಂದು ಹೆದರಿಕೆ, ಹಾಗಾಗಿ ಕೂತೇ ತೂಕಡಿಸುತ್ತಿದ್ದೆ. ಚಿಂತೆ ಮಾಡುವುದರಲ್ಲಿ ಹುಟ್ಟಿನಿಂದಲೇ ನಾನು ಹಿಂದೆ ಬಿದ್ದವಳಲ್ಲ, ಅಲ್ಲಂತೂ ಬೇರೆ ಕೆಲಸವೇ ಇರಲಿಲ್ಲ.

ಅತ್ತೆಯ ಕಣ್ಣೆಲ್ಲ ಆ ತೂತಿನ ಮೇಲೆ. ನನ್ನ ಮೂಗು ಚುಚ್ಚಿದ್ದು ಮದುವೆಯ ಹೊತ್ತಿಗೆ. ಪೀನಸದಿಂದ ಅದು ಸರಿಯಾಗಿ ಮಾಗಿರಲೇ ಇಲ್ಲ. "ಕೂಡ್ಕೋತೈತಿ ನೋಡು. ಒಂದ ವಾರದಾಗ ಕೂಡ್ಕೋತೈತಿ. ಅಂವ ಬರೂದ್ರಾಗ ತೂತ ಇಲ್ಲಂದ್ರ?" ಎಂದು ಚಡಪಡಿಸಿದಳು. ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಗಿಡವಿತ್ತು. ನರ್ಸು ಊಟಕ್ಕೆ ಹೋದ ಹೊತ್ತಿನಲ್ಲಿ ಅತ್ತೆ ಒಂದು ಕಡ್ಡಿ ಮುರಿದುಕೊಂಡು ಬಂದಳು. ಚುಚ್ಚಿಸಿಕೊಂಡ ಹುಡುಗಿಯರಿಗೆ ತೂತು ಮುಚ್ಚದಿರಲೆಂದು ಇಡುತ್ತಾರಲ್ಲ, ಅಂಥದೇ ಕಡ್ಡಿ. ಅದನ್ನು ಹೆರೆದು ಸಣ್ಣ ಮಾಡಿ, ಅರಿಶಿಣ ಸವರಿ, ಪ್ಲಾಸ್ಟರಿನ ಅಂಚನ್ನು ಎತ್ತಿ ತೂತಿನಲ್ಲಿ ಸೇರಿಸಿ ಮತ್ತೆ ಅಂಚನ್ನು ಅಂಟಿಸಿದಳು. ನೋವಾಯಿತು, ನಾನು ಸುಮ್ಮನಿದ್ದೆ. ಸುಳ್ಳು ಯಾಕೆ ಹೇಳಲಿ, ಮೂಗಿನಲ್ಲಿ ಕಡ್ಡಿಯಾದರೂ ಇದೆಯಲ್ಲ ಎಂದು ನನಗೂ ಧೈರ್ಯ ಬಂದಿತ್ತು.

ಎರಡು ದಿನದಲ್ಲಿ ಜ್ವರ ಏರಿತು. ಇಳಿಯುತ್ತಿದ್ದ ಊತ ಮತ್ತೆ ಬಂತು. ಕಣ್ಣಿನ ಕೆಳಗೆ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಡಾಕ್ಟರು ಮುಂಜಾನೆ ಬಂದು ನೋಡಿ ಹುಬ್ಬು ಗಂಟು ಹಾಕಿದರು. "ಹಿಂಗ ಆಗಬಾರದಿತ್ತು. ನಾಳಿ ಅರಿವಿ ತಗದು ನೋಡ್ತೇನಿ. ಒಳಗ ಕೆಟ್ಟಿತ್ತಂದ್ರ ಮತ್ತ ಕೊರೀಬೇಕು. ಕಣ್ಣಿಂದು ನಾ ಈಗ ಏನೂ ಹೇಳೂದಿಲ್ಲ" ಎಂದರು. ಕಡ್ಡಿಯ ಸುದ್ದಿಯನ್ನು ಅತ್ತೆ ಅವರಿಗೆ ಹೇಳಲಿಲ್ಲ.

ಅದೇ ದಿನ ಮಧ್ಯಾಹ್ನ ಜೈತುನಬಿಯ ಗಂಡ ದಾಂಡೇಲಿಯಿಂದ ಬಂದ. ಹೆಂಡತಿಗೆಂದು ತಂದಿದ್ದ ಮಾವಿನಹಣ್ಣಿನಲ್ಲಿ ಎರಡು ನಮ್ಮ ಮಂಚದ ಮೇಲೂ ಇಟ್ಟ. ಅತ್ತೆ ಕೇಳಿದ ಮೊದಲ ಮಾತು, ಹಳಿಯಾಳದ ಚಕ್ಕಡಿಯವರ ಸುದ್ದಿ ಏನಾದರೂ ಐತೇನು ಎಂದು. ಅವನು ತಲೆ ತಗ್ಗಿಸಿ ಟೋಪಿ ಸರಿಮಾಡಿಕೊಂಡ.

"ಆ ಕಡೆ ಜ್ವರ ಜೋರ ಐತ್ರಿ ಅಮ್ಮಾ. ಚಕ್ಕಡಿಯವರು ಕೆಲವರು ಹೋಗ್ಯಾರಂತ. ಯಾರು ಏನು ಅಂತ ಯಾರಿಗೂ ಗೊತ್ತಿಲ್ಲ. ಒಂದ ವಾರದಿಂದ ಆ ಕಡಿಯಿಂದ ಚಕ್ಕಡಿ ಬಂದಿಲ್ಲ."

ಜೈತುನಬಿ ಅವನಿಗೆ ಕಣ್ಣಿನಲ್ಲೇ ಬೈದಳು. ಆದರೆ ಆಡಿದ ಮಾತು ಆಡಿಯಾಗಿತ್ತು. ಮೂಗುತಿ ತೆಗೆದದ್ದು ಯಾವ ದಿನ, ಚಕ್ಕಡಿ ನಿಂತದ್ದು ಯಾವ ದಿನ ಎಂದು ಮನಸ್ಸು ಅದನ್ನೇ ಕೂಡಿಸಿ ಕಳೆದು ನೋಡತೊಡಗಿತು. ಕೈ ತಂತಾನೆ ಮೂಗಿಗೆ ಹೋಗಿ ಕಡ್ಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಿತು. ಅದೊಂದೇ ಈಗ ಅವರನ್ನು ಹಿಡಿದಿಟ್ಟಿದೆ ಎಂಬಂತೆ.

ಅತ್ತೆ ಎದ್ದು ಹೊರಗೆ ಹೋದಳು. ಕಿಟಕಿಯಿಂದ ಕಾಣುತ್ತಿದ್ದಳು, ಬೇವಿನ ಗಿಡದ ಕೆಳಗೆ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಬಿಸಿಲು ಸರಿದು ಅವಳ ಮೇಲೆ ಬಂದರೂ ಏಳಲಿಲ್ಲ. ಬಹಳ ಹೊತ್ತಾದ ಮೇಲೆ ನಳದ ಕೆಳಗೆ ಕೈ ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಒಳಗೆ ಬಂದಳು.

"ಕೈ ತಗಿ" ಎಂದಳು.

"ಬ್ಯಾಡ್ರಿ ಅತ್ತಿ" ಎಂದೆ. ನನ್ನ ಕೈ ಬಿಡಲಿಲ್ಲ.

"ಕೈ ತಗಿ ನೀಲವ್ವ."

"ಅವರು ಬರೂತನಾ ಇರ್ಲಿರಿ. ಕಣ್ಣ ಹೋದರ ಹೋಗ್ಲಿ."

ಅವಳು ನನ್ನ ಕೈಯನ್ನು ಹಿಡಿದು ಒಂದೊಂದೇ ಬೆರಳನ್ನು ಬಿಡಿಸಿದಳು. ಮೂರು ಮಂದಿ ಹೆಂಗಸರು ಒಮ್ಮೆ ಅವಳ ಕೈ ಬಿಡಿಸಿದ್ದರಲ್ಲ, ಹಾಗೆ. ಪ್ಲಾಸ್ಟರು ಎತ್ತಿ ಕಡ್ಡಿಯನ್ನು ಎಳೆದಳು. ಒಳಗಿನ ಅರಿವೆಯ ನೂಲು ಅದಕ್ಕೆ ಸಿಕ್ಕಿಕೊಂಡಿತ್ತು, ತುದಿಯಲ್ಲಿ ಕೀವು ಹತ್ತಿತ್ತು. ಕಡ್ಡಿಯನ್ನು ಅಂಗೈಯಲ್ಲಿಟ್ಟುಕೊಂಡು ಕೊರಳಿನ ಕರಡಿಗೆಯ ಕಡೆ ನೋಡಿ ಹೇಳಿದಳು, "ಶಿವನ, ಅವನ್ನ ನಿನ್ನ ಕೈಯಾಗ ಬಿಟ್ಟೇನಿ. ಇಕಿನ್ನ ನಾ ಇಟ್ಕೋತೇನಿ."

ಒಬ್ಬನೇ ಮಗ. ಆ ಮಾತು ಆಡುವುದಕ್ಕೆ ಅವಳಿಗೆ ಹೇಗೆ ಬಾಯಿ ಬಂತೋ ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಹಾಗೆಯೇ ಕಡ್ಡಿ ಹಿಡಿದುಕೊಂಡು ನೆಟ್ಟಗೆ ಡಾಕ್ಟರ ಕೋಣೆಗೆ ಹೋದಳು. ಅವರು ಓಡುತ್ತಲೇ ಬಂದರು. ನಿಂತ ಕಾಲಿನಲ್ಲೇ ಮೂಗಿನ ಅರಿವೆಯನ್ನು ಎಳೆದು ತೆಗೆದರು. ಅದು ಬರುತ್ತಲೇ ಇತ್ತು, ಮುಗಿಯುವ ಲಕ್ಷಣವೇ ಇಲ್ಲ. ಮಿದುಳೇ ಬರುತ್ತಿದೆಯೋ ಎನ್ನಿಸಿತು. ರಕ್ತ ಹೋಯಿತು, ಬೋಗುಣಿ ತುಂಬ ತೊಳೆದರು. "ಆಜಿಬಾಯಿ, ಇದು ಮೂಗೋ ಬೇಲಿಯೋ? ಗೂಟ ಬಡೀತೀರಿ?" ಎಂದು ಬಾಯಿಗೆ ಬಂದಂತೆ ಬೈದರು. ಅತ್ತೆ ತಲೆ ತಗ್ಗಿಸಿ ನಿಂತು, "ಬೈರಿ ಸಾಹೇಬ್ರ. ಕಣ್ಣ ಉಳಿಸಿ ಬೈರಿ" ಎಂದಳು.

ಕಣ್ಣು ಉಳಿಯಿತು. ಊತ ಇಳಿಯಿತು. ದಿನಾ ನೀಲಗಿರಿ ಎಣ್ಣೆಯ ಉಗಿ ಕೊಡುತ್ತಿದ್ದರು, ಕಂಬಳಿಯ ಕೆಳಗೆ ಮುಖವಿಟ್ಟು ಕೂರುತ್ತಿದ್ದೆ. ವಾಸನೆ ಮಾತ್ರ ಬರಲಿಲ್ಲ. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು. ಎಡ ಮೂಗಿಗೆ ಇನ್ನು ಸೂಜಿ ಮುಟ್ಟಿಸಬೇಡಿ ಎಂದೂ ಹೇಳಿದರು. ತೂತು ಅಷ್ಟರಲ್ಲೇ ಕೂಡಿಕೊಂಡಿತ್ತು.

ಊರಿಗೆ ಬರುವಾಗ ಡಾಕ್ಟರು ಹೇಳಿದ ಪಥ್ಯವನ್ನು ಅತ್ತೆ ಬಾಯಿಪಾಠ ಮಾಡಿಕೊಂಡಿದ್ದಳು. ಬಗ್ಗಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಮೂಗು ಸೀಟಬಾರದು, ಒಲೆ ಊದಬಾರದು, ಅಳಬಾರದು. ಊದುಗೊಳವಿಯನ್ನು ಅವಳೇ ಹಿಡಿದಳು. ಒಗ್ಗರಣೆಗೆ ಮೆಣಸಿನಕಾಯಿ ಹಾಕುವುದು ನಿಂತಿತು. ಅದು ಓಣಿಯ ಮನೆ ಮನೆಯಲ್ಲೂ ವರ್ಷದ ಖಾರ ಕುಟ್ಟುವ ಕಾಲ. ಗಾಳಿಯಲ್ಲೆಲ್ಲ ಘಾಟು. ನಾನು ಸೀನಿದ ಒಂದೊಂದು ಸೀನಿಗೂ ಅತ್ತೆ ಒಂದೊಂದು ಮನೆಯ ಬಾಗಿಲಿಗೆ ಹೋಗಿ ಜಗಳ ಮಾಡಿ ಬರುತ್ತಿದ್ದಳು. "ನಿಮ್ಮ ಖಾರ ಹೊಲಕ್ಕ ಒಯ್ದು ಕುಟ್ರಿ, ನಮ್ಮ ಹುಡಿಗಿ ಮೂಗು ಇನ್ನೂ ಹಸಿ ಐತಿ" ಎನ್ನುತ್ತಿದ್ದಳು. ನನ್ನ ಬರಿಯ ಮೂಗು ಯಾರಿಗೂ ಕಾಣದಿರಲೆಂದು ಸೆರಗನ್ನು ಬಾಯಿಯವರೆಗೆ ಎಳೆದು ಕೂರಿಸುತ್ತಿದ್ದಳು. ಚಕ್ಕಡಿಯಿಂದ ಇಳಿಯುವಾಗಲೇ ಯಾರೋ ನೋಡಿಬಿಟ್ಟಿದ್ದರೆಂದು ನಮಗೆ ಗೊತ್ತಿರಲಿಲ್ಲ.

ರೋಹಿಣಿ ಮಳೆ ಒಂದೆರಡು ಹನಿ ಉದುರಿಸಿ ಹೋಗಿತ್ತು. ಒಂದು ದಿನ ಓಣಿಯ ಕೊನೆಯಲ್ಲಿ ಹೆಂಗಸರು ಅಳುವುದು ಕೇಳಿಸಿತು. ಹತ್ತಿರ ಬಂತು. ನೋಡಿದರೆ ಪಾಳಾ ಎಂಬ ಊರಿಗೆ ಕೊಟ್ಟಿದ್ದ ನಮ್ಮವರ ಅಕ್ಕ, ಕೂದಲು ಬಿಚ್ಚಿಕೊಂಡು, ಎದೆ ಬಡಿದುಕೊಳ್ಳುತ್ತ, "ನನ್ನ ತಮ್ಮಾ, ಎಲ್ಲಿ ಹೋದ್ಯೋ" ಎಂದು ಬರುತ್ತಿದ್ದಾಳೆ. ಜೊತೆಗೆ ಇಬ್ಬರು ಮೂವರು ಹೆಂಗಸರು. ಅತ್ತೆ ಹೊಸ್ತಿಲ ಮೇಲೆ ಕುಸಿದಳು. ನಾನು ಗೋಡೆ ಹಿಡಿದು ನಿಂತೆ. ಸುದ್ದಿ ಬಂದುಬಿಟ್ಟಿತು ಎಂದುಕೊಂಡೆ. ಆದದ್ದು ಆಗಿಹೋಯಿತು, ಇನ್ನು ಮೂಗುತಿ ಇಳಿಸುವ ಕೆಲಸವೂ ಇಲ್ಲ ಎಂದುಕೊಂಡೆ. ಅಳಬಾರದೆಂಬುದೆಲ್ಲ ಎಲ್ಲಿಯದು, ಮೂಗಿನಿಂದ ರಕ್ತ ತೊಟ್ಟಿಕ್ಕಿ ಸೀರೆಯ ಮೇಲೆ ಬಿತ್ತು.

ಅಕ್ಕ ಬಂದು ಅತ್ತೆಯನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ಅತ್ತು ಅತ್ತು ಅತ್ತೆ ಕೇಳಿದಳು, "ಎಲ್ಲಿ ಆತವಾ? ಮಣ್ಣ ಎಲ್ಲಿ ಮಾಡಿದರು? ಯಾರ ಹೇಳಿದರು ನಿನಗ?"

ಅಕ್ಕ ಕಣ್ಣೊರೆಸಿಕೊಂಡು ಬೆರಗಾಗಿ ನೋಡಿದಳು. "ನನ್ನ ಕೇಳ್ತಿಯಲ್ಲವಾ. ನೀ ಹೇಳಬೇಕು. ಹಳಿಯಾಳ ಸಂತಿಗೆ ಬಂದವರು ಹೇಳಿದರು, ನೀಲವ್ವನ ಮೂಗು ಬರಿದಾಗೈತಿ ಅಂತ."

ಅತ್ತೆ ಅಳು ನಿಲ್ಲಿಸಿದಳು. ಆಮೇಲೆ ಎದ್ದು ನಿಂತು ಸೆರಗು ಸಿಗಿಸಿಕೊಂಡು ಬೈಯತೊಡಗಿದಳು ನೋಡಿ, ಸಂತೆಗೆ ಬಂದವರಿಂದ ಹಿಡಿದು ಸ್ವಂತ ಮಗಳವರೆಗೆ ಯಾರನ್ನೂ ಬಿಡಲಿಲ್ಲ. ಅಕ್ಕ ಅಳುತ್ತ ನಗುತ್ತ ಕೂದಲು ಕಟ್ಟಿಕೊಂಡಳು. ನಾನು ಮೂಗಿಗೆ ತಣ್ಣೀರ ಬಟ್ಟೆ ಹಿಡಿದು ಕೂತೆ. ಸತ್ತ ಸುದ್ದಿಯಲ್ಲ ಎಂಬುದು ತಿಳಿಯಿತು. ಬದುಕಿದ ಸುದ್ದಿಯೂ ಇರಲಿಲ್ಲ. ಅಕ್ಕ ಮರಳಿ ಪಾಳಾಕ್ಕೆ ಹೋದ ಮೇಲೆ ಮನೆ ಮೊದಲಿಗಿಂತ ಬಿಕೋ ಎನ್ನತೊಡಗಿತು. ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟೆವು.

ಮಿರಗ ಕೂಡಿತು. ನೆರೆಮನೆಯವರು ಬೇಸಾಯ ಹೂಡಿದರು. ಕಾಡಿಗೆ ಹೋಗಿದ್ದ ಒಂದೆರಡು ಚಕ್ಕಡಿಗಳು ತಿರುಗಿ ಬಂದವು. ಅವರಲ್ಲಿ ಯಾರೂ ನಮ್ಮವರ ಜೊತೆ ಇದ್ದವರಲ್ಲ, ಅವರು ಇನ್ನೂ ಒಳಗಿನ ಕಾಡಿನಲ್ಲಿದ್ದರು ಎಂದರು. ಅತ್ತೆ ಚಕ್ಕಡಿಯವರನ್ನು ಕೇಳುವುದನ್ನೂ ನಿಲ್ಲಿಸಿದಳು. ದಿನಾ ಲಿಂಗಪೂಜೆಗೆ ಕರಡಿಗೆ ತೆರೆದಾಗ ಮೂಗುತಿಯನ್ನು ನೀರಿನಲ್ಲಿ ತೊಳೆದು ಮತ್ತೆ ಒಳಗಿಡುತ್ತಿದ್ದಳು. ನಾನು ಆ ಕಡೆ ನೋಡುತ್ತಿರಲಿಲ್ಲ.

ಆ ದಿನ ಮುಂಜಾನೆಯಿಂದ ಮಳೆ ಹಿಡಿದಿತ್ತು. ಹೆಂಚಿನ ಮೇಲೆ ಬಡಿಯುವ ಸಪ್ಪಳದಲ್ಲಿ ಬೇರೇನೂ ಕೇಳುವಂತಿರಲಿಲ್ಲ. ಅತ್ತೆ ಹಸಿ ಕಟ್ಟಿಗೆಯ ಒಲೆಯನ್ನು ಊದುತ್ತ ಕೂತಿದ್ದಳು. ನಾನು ಕಂಬಳಿ ಹೊದ್ದು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದೆ. ಮೂಗಿನೊಳಗೆ ಏನೋ ಕಚಗುಳಿ ಇಟ್ಟ ಹಾಗಾಯಿತು. ಸೀನು ಬರುತ್ತದೇನೋ ಎಂದು ಬಾಯಿ ತೆರೆದೆ. ಸೀನು ಬರಲಿಲ್ಲ. ಸುಟ್ಟ ಎಣ್ಣೆಯ ಒಂದು ಕಮಟು, ಅದರ ಹಿಂದೆಯೇ ಒದ್ದೆ ಎತ್ತಿನ ಮೈಯದು. ವರ್ಷದ ಮೇಲಾಗಿತ್ತು ಅದನ್ನು ಮರೆತು. ವಾಕರಿಕೆ ಬಂತು, ಕಣ್ಣಲ್ಲಿ ನೀರೂ ಬಂತು.

"ಅತ್ತಿ, ಬಂದರ್ರಿ" ಎಂದೆ.

"ಯಾರು?"

"ನಿಮ್ಮ ಮಗಾ."

ಅತ್ತೆ ಒಳಗಿನಿಂದ ಹೊರಗೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಮತ್ತೆ ಜ್ವರ ಬಂದಿದೆ ಎಂದುಕೊಂಡಿರಬೇಕು. "ಯಾರೂ ಇಲ್ಲವಾ. ಮಳಿ ಐತಿ" ಎಂದಳು.

"ಕೀಲೆಣ್ಣಿ ವಾಸನಿ ಬರಾಕತ್ತೈತ್ರಿ."

ಅವಳು ನನ್ನ ಮೂಗನ್ನೇ ನೋಡಿದಳು. ಆಮೇಲೆ ಊದುಗೊಳವಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆರೆದು ಮಳೆಗೆ ಇಳಿದಳು.

ಓಣಿಯ ತಿರುವಿನಲ್ಲಿ ನಮ್ಮ ಚಕ್ಕಡಿ ಬರುತ್ತಿತ್ತು. ಹೊಡೆಯುತ್ತಿದ್ದವನು ಬೇರೆ ಯಾರೋ. ನಮ್ಮವರು ಹಿಂದೆ, ಕಂಬಳಿಯಲ್ಲಿ ಮುದುಡಿ ಮಲಗಿದ್ದರು. ಗಲ್ಲ ಒಳಗೆ ಹೋಗಿ, ಕಣ್ಣು ಹಳದಿಯಾಗಿ, ಗುರುತೇ ಸಿಗುತ್ತಿರಲಿಲ್ಲ. ಜ್ವರ ಬಂದು ಕಾಡಿನ ಒಂದು ಗುಡಿಸಲಿನಲ್ಲಿ ಬಿದ್ದಿದ್ದರಂತೆ, ಎದ್ದು ಕೂರುವ ಶಕ್ತಿ ಬಂದ ಮೇಲೆ ಹೊರಟರಂತೆ. ಬಾಗಿಲಲ್ಲಿ ಸೆರಗು ಜಾರಿ ನಿಂತಿದ್ದ ನನ್ನನ್ನು ನೋಡಿದರು. ಬರಿಯ ಮೂಗನ್ನು ನೋಡಿದರು.

"ಯಾಕ, ನನ್ನ ಮಣ್ಣ ಮಾಡಿ ಕುಂತೀರೇನ?" ಎಂದರು.

ಅತ್ತೆ ಅವರ ಕಾಲನ್ನು ಹಿಡಿದುಕೊಂಡು ಮಳೆಯಲ್ಲೇ ಕೂತುಬಿಟ್ಟಳು.

ಒಳಗೆ ಕರೆತಂದು ಗಂಜಿ ಕುಡಿಸಿದ ಮೇಲೆ ಅತ್ತೆ ಕರಡಿಗೆಯಿಂದ ಮೂಗುತಿ ತೆಗೆದು ಮಗನ ಕೈಗೆ ಕೊಟ್ಟಳು. ಅವರು ನನ್ನ ಮೂಗಿನ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಬಲಗಡೆ ಚುಚ್ಚಿಸಿದರಾಯಿತು ಎಂದರು. ಅತ್ತೆ ಒಪ್ಪಲಿಲ್ಲ. "ಬ್ಯಾಡ. ಆಕಿ ಮೂಗಿನ ತಂಟೇಕ ಇನ್ನ ಯಾರೂ ಹೋಗಬ್ಯಾಡ್ರಿ" ಎಂದು ಅದನ್ನು ತಿರುಗಿ ಇಸಿದುಕೊಂಡು ಕರಡಿಗೆಯಲ್ಲೇ ಇಟ್ಟಳು. ಆಮೇಲೆ ಎಷ್ಟೋ ಮದುವೆ ಮುಂಜಿಗಳಲ್ಲಿ ನನ್ನ ಬರಿಯ ಮೂಗನ್ನು ನೋಡಿ ಹೆಂಗಸರು ಪಿಸುಗುಟ್ಟಿದಾಗ, "ಆಕಿ ಗಂಡ ಅಲ್ಲಿ ಉಣ್ಣಾಕ ಕುಂತಾನ ನೋಡ್ರಿ" ಎಂದು ಅವಳೇ ಎದ್ದು ಕೈ ಮಾಡಿ ತೋರಿಸುತ್ತಿದ್ದಳು.

ಆ ಸಂಜೆ ಅವರಿಗೆ ಬಿಸಿನೀರು ಹಾಕಿ, ಒಗೆದ ಧೋತರ ಉಡಿಸಿ ಮಲಗಿಸಿದೆವು. ಅತ್ತೆ ಮೂಲೆಯಲ್ಲಿ ಬಿದ್ದಿದ್ದ ಅಂಗಿಗೆ ಕೈ ಚಾಚಿದಳು. "ಕೊಡಿಲ್ಲಿ, ಸವಳ ಮಣ್ಣ ಹಚ್ಚಿ ಒಗದ ಹಾಕ್ತೇನಿ. ಮನಿಯೆಲ್ಲಾ ನಾತ" ಎಂದಳು.

ನಾನು ಅಂಗಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. "ಇರ್ಲಿರಿ ಅತ್ತಿ" ಎಂದೆ. "ನಾಳಿ ಒಗಿಯೂಣು."